ಕಾಲು ಓಡುವ ಮೊದಲೇ ಕಲಿಸಬೇಕಾದ ವಾಕ್ಯ

ನನ್ನ ಮಗನಿಗೆ ಹತ್ತು ವರ್ಷ; ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಆತುರ ತಡೆಯಲಾಗದ ತೊಂದರೆ ಇದೆ. ಬೆಂಗಳೂರಿನ ಬನಶಂಕರಿಯಲ್ಲಿ ಬಸ್ಸಿಳಿಯುವಾಗ ರಸ್ತೆಯಾಚೆ ಗೆಳೆಯ ಕಂಡರೆ ಸಾಕು, ಓಡಿಬಿಡುತ್ತಾನೆ. ನಿಯಮ ಗೊತ್ತಿಲ್ಲವೆಂದಲ್ಲ, ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾನೆ. ಆ ಗಳಿಗೆಯಲ್ಲಿ ‘ಹುಷಾರು’ ಎಂದು ಕೂಗಿ ಪ್ರಯೋಜನವಿಲ್ಲ.

ಹೊರಟ ಕೈಕಾಲನ್ನು ತಡೆಯುವ ಕೆಲಸದಲ್ಲಿ ಮಿದುಳಿನ ಬಲ ಮುಂಭಾಗ ಮತ್ತು ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗ ಮುಖ್ಯವಾದವು. ‘ನಿಲ್ಲು’ ಎಂಬ ಸಂಕೇತ ಬಂದೊಡನೆ ಕೈ ತಡೆಯಬೇಕಾದ ಪರೀಕ್ಷೆಗಳಲ್ಲಿ ಎಡಿಎಚ್‌ಡಿ ಇರುವವರಲ್ಲಿ ಇವುಗಳ ಚಟುವಟಿಕೆ ಸರಾಸರಿಯಲ್ಲಿ ಕಡಿಮೆ ಕಾಣುತ್ತದೆ, ತಡೆಯೂ ನಿಧಾನ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇತರ ಮಕ್ಕಳ ಮಿದುಳಿನ ಹೊರಪದರ ಸುಮಾರು 7.5ನೇ ವಯಸ್ಸಿಗೆ ಮುಟ್ಟಿದ ಬೆಳವಣಿಗೆಯ ಹಂತವನ್ನು ಎಡಿಎಚ್‌ಡಿ ಮಕ್ಕಳು ಮುಟ್ಟಿದ್ದು ಸುಮಾರು 10.5ಕ್ಕೆ. ಇವೆಲ್ಲ ಗುಂಪಿನ ಸರಾಸರಿಗಳು. ಸ್ಕ್ಯಾನ್ ನೋಡಿ ಒಂದು ಮಗುವಿಗೆ ಎಡಿಎಚ್‌ಡಿ ಇದೆಯೆಂದು ಹೇಳಲಾಗದು, ಅದಕ್ಕಾಗಿ ಹಣ ಸುರಿಯಬೇಡಿ.

ಆ ಗಳಿಗೆಯಲ್ಲಿ ತಡೆಯುವುದು ಕಷ್ಟವಾದ್ದರಿಂದ ನಿರ್ಧಾರವನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಒಂದು ವಾಕ್ಯ ಕಟ್ಟಿ. ಮೊದಲರ್ಧದಲ್ಲಿ ಕಣ್ಣಿಗೆ ಕಾಣುವ ಅಥವಾ ಮೈಗೆ ತಗುಲುವ ಗುರುತು ಇರಲಿ. ‘ಆತುರವಾದಾಗ’ ಎಂದರೆ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಎರಡನೆಯ ಅರ್ಧದಲ್ಲಿ ‘ಓಡುವುದಿಲ್ಲ’ ಎಂಬುದು ಬೇಡ, ಕೈಗೊಂದು ಕೆಲಸ ಕೊಡಿ. ನಮ್ಮದು ಹೀಗಿದೆ: ‘ಬಸ್ಸಿನಿಂದ ಕಾಲು ನೆಲ ಮುಟ್ಟಿದಾಗ ಅಮ್ಮನ ಚೀಲ ಹಿಡಿಯುತ್ತೇನೆ.’ ವಾಕ್ಯವನ್ನು ಮಗುವೇ ಹೇಳಲಿ, ಅದರ ಮಾತಿನಲ್ಲೇ. ಆಮೇಲೆ ಮನೆಯ ಮೆಟ್ಟಿಲನ್ನೇ ಬಸ್ಸು ಮಾಡಿಕೊಂಡು ಇಳಿದು, ಹಿಡಿದು, ಮತ್ತೆ ಹತ್ತಿ ಅಭ್ಯಾಸ ಮಾಡಿಸಿ. ಚೀಲ ಹಿಡಿದ ತಕ್ಷಣ ಹೊಗಳಿ. ಸಂಜೆಗೆ ಇಟ್ಟುಕೊಂಡ ಮೆಚ್ಚುಗೆ ಈ ಮಕ್ಕಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಒಂದು ವಾಕ್ಯ ರೂಢಿಯಾಗುವವರೆಗೆ ಇನ್ನೊಂದನ್ನು ಸೇರಿಸಬೇಡಿ. ರಸ್ತೆ ದಾಟುವಾಗ ಮಾತ್ರ ವಾಕ್ಯವನ್ನು ನಂಬಿ ಕೈ ಬಿಡಲೇಬೇಡಿ.

ಮನಶ್ಶಾಸ್ತ್ರಜ್ಞರಾದ ಗಾವ್ರಿಲೋವ್ ಮತ್ತು ಗೋಲ್‌ವಿಟ್ಸರ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಥ ವಾಕ್ಯ ಕಲಿತ ಎಡಿಎಚ್‌ಡಿ ಮಕ್ಕಳು ಕೈ ತಡೆಯುವುದರಲ್ಲಿ ಸುಧಾರಿಸಿದರು; ಔಷಧವೂ ಜೊತೆಗಿದ್ದಾಗ ಫಲ ಇನ್ನೂ ಹೆಚ್ಚು. ಹಾಗಾಗಿ ವೈದ್ಯರು ಬರೆದ ಮಾತ್ರೆಯನ್ನು ಇದರ ನೆಪದಲ್ಲಿ ನಿಲ್ಲಿಸಬೇಡಿ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಎಂಬ ಔಷಧ ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಹೆಚ್ಚಿಸುತ್ತದೆ. ಆ ಕೆಲಸವನ್ನು ವಾಕ್ಯ ಮಾಡಲಾರದು. ಇನ್ನೂ ಯಾರಿಗೂ ತೋರಿಸಿಲ್ಲವೆಂದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ತರಗತಿಯಲ್ಲಿ ಉತ್ತರ ಕೂಗಿಬಿಡದಿರಲು ನಮ್ಮ ಎರಡನೆಯ ವಾಕ್ಯ: ‘ಉತ್ತರ ಬಾಯಿಗೆ ಬಂದಾಗ ಅದರ ಮೊದಲ ಅಕ್ಷರ ಬರೆಯುತ್ತೇನೆ.’ ಇದನ್ನು ಶಿಕ್ಷಕಿಗೂ ತಿಳಿಸಿಡಿ, ಅವರು ಬಳಿ ಬಂದು ಆ ಅಕ್ಷರವನ್ನು ನೋಡಲಿ.