ಮಗುವಿನ ಕೈಕಾಲು ಆಟ ನೋಡಿ ನರಗಳ ಸ್ಥಿತಿ ಹೇಳಬಹುದಾ? ನನ್ನ ಅನುಭವ

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. 'ಸುಮ್ನೆ ನೋಡಿದ್ರೆ ಏನು ಗೊತ್ತಾಗುತ್ತೆ?' ಅಂತ ಅಪ್ಪ ಅಮ್ಮ ಕೇಳುತ್ತಾರೆ. ಗೊತ್ತಾಗುತ್ತದೆ, ವಿಡಿಯೋ ಸರಿಯಾಗಿದ್ದರೆ.

ನಾನು ಬಳಸುವುದು ಪ್ರೆಕ್ಟಲ್ ವಿಧಾನ, ಅಂದರೆ ಮಗು ತಾನಾಗಿಯೇ ಆಡಿಸುವ ಕೈಕಾಲು ನೋಡಿ ನರಗಳ ಸ್ಥಿತಿ ಅಂದಾಜಿಸುವುದು. ಇದರಲ್ಲಿ ಮಗುವನ್ನು ಮುಟ್ಟುವುದೇ ಇಲ್ಲ. ಅಂಗಾತ ಮಲಗಿಸಿ, ಕೈಕಾಲು ಕಾಣುವ ಬಟ್ಟೆ ಹಾಕಿ, ಮೂರರಿಂದ ಐದು ನಿಮಿಷ ಚಿತ್ರೀಕರಿಸುತ್ತೇನೆ. ಮಗು ಎಚ್ಚರವಾಗಿರಬೇಕು, ಅಳಬಾರದು, ಬಿಕ್ಕಳಿಕೆ ಇರಬಾರದು. ನಿಪ್ಪಲ್ ಬೇಡ, ಗಿಲಕಿ ಬೇಡ. ಅಮ್ಮ ಬಗ್ಗಿ ಮಾತಾಡಿಸುವುದೂ ಬೇಡ. ಇದು ಹಟವಲ್ಲ. ಮೂರರಿಂದ ಐದು ತಿಂಗಳಲ್ಲಿ ಹುಡುಕುವುದು ಫಿಜೆಟಿ ಚಲನೆಗಳನ್ನು. ಕುತ್ತಿಗೆ, ಮಣಿಕಟ್ಟು, ಸೊಂಟ, ಕಾಲಿನ ಗಿಣ್ಣು ಎಲ್ಲ ಕಡೆ ಸಣ್ಣಸಣ್ಣದಾಗಿ, ಯಾವ ದಿಕ್ಕಿಗೆಂದಿಲ್ಲದೆ ಹೊರಳುತ್ತಲೇ ಇರುತ್ತವೆ. ಮಗು ಮುಖವನ್ನೋ ಆಟಿಕೆಯನ್ನೋ ದಿಟ್ಟಿಸಿದ ಕೂಡಲೇ ಅವು ನಿಂತುಬಿಡುತ್ತವೆ. ಆಗ ಚೆನ್ನಾಗಿರುವ ಮಗುವೂ 'ಇಲ್ಲ' ಅನ್ನಿಸಿಕೊಳ್ಳುತ್ತದೆ!

ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಿದ ದಿನದಿಂದ ಎಣಿಸಿದರೆ ಎಲ್ಲ ತಪ್ಪುತ್ತದೆ.

ನೋಡುವಾಗ ಸೌಂಡ್ ಆಫ್ ಮಾಡುತ್ತೇನೆ. ಒಂದೇ ಕೈ ಮೇಲೆ ಕಣ್ಣು ನೆಟ್ಟರೆ ಕೆಲಸ ಕೆಡುತ್ತದೆ, ಇಡೀ ಮೈಯ ಓಟವನ್ನು ನೋಡಬೇಕು. ಕಣ್ಣಿಗೂ ದಣಿವಾಗುತ್ತದೆ. ಸಾಲಾಗಿ ಕೆಟ್ಟ ವಿಡಿಯೋಗಳನ್ನೇ ನೋಡಿದ ಮೇಲೆ ಸಾಧಾರಣದ್ದೂ ಚೆನ್ನಾಗಿ ಕಾಣತೊಡಗುತ್ತದೆ. ಆಗ ಆರೋಗ್ಯವಂತ ಮಗುವಿನ ಒಂದು ರೆಕಾರ್ಡಿಂಗ್ ಹಾಕಿ ಕಣ್ಣನ್ನು ಸರಿ ಮಾಡಿಕೊಳ್ಳುತ್ತೇನೆ. ಅದೇ ವಿಡಿಯೋವನ್ನು ಸಹೋದ್ಯೋಗಿಯೂ ನೋಡುತ್ತಾರೆ, ಮಗುವಿನ ಸ್ಕ್ಯಾನ್, ಹೆರಿಗೆಯ ಕಥೆ ಏನೂ ತಿಳಿಯದೆ. ಕಥೆ ಗೊತ್ತಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ, ಅಲ್ವಾ?

ನಮ್ಮಿಬ್ಬರಿಗೆ ಫಿಜೆಟಿ ಇದೆಯೋ ಇಲ್ಲವೋ ಎಂಬಲ್ಲಿ ಜಗಳ ಕಡಿಮೆ. 1997ರ ಪ್ರೆಕ್ಟಲ್ ತಂಡದ ಅಧ್ಯಯನದಲ್ಲೂ ಈ ಹಂತದ ಸೂಕ್ಷ್ಮತೆ (ತೊಂದರೆ ಇರುವ ಮಕ್ಕಳನ್ನು ಹಿಡಿಯುವುದು) ಮತ್ತು ನಿರ್ದಿಷ್ಟತೆ (ತೊಂದರೆ ಇಲ್ಲದವರನ್ನು ಸರಿಯಾಗಿ ಬಿಡುವುದು) ಎರಡೂ ಶೇ 95ರ ಆಸುಪಾಸಿನಲ್ಲಿದ್ದವು. ಮೊದಲ ವಾರಗಳದ್ದೇ ಕಷ್ಟ. ಆಗ ಒಂದೇ ಬಗೆಯ ಚಲನೆ ಮತ್ತೆ ಮತ್ತೆ ಬರುವ 'ಪೂರ್ ರೆಪರ್ಟರಿ' ಸಿಕ್ಕರೆ ನಾನು ಭವಿಷ್ಯ ಹೇಳಲು ಹೋಗುವುದಿಲ್ಲ, ಅಂಥ ಎಷ್ಟೋ ಮಕ್ಕಳು ಆಮೇಲೆ ಸರಿಹೋಗುತ್ತಾರೆ. ಕೈಕಾಲು, ಬೆನ್ನು ಎಲ್ಲ ಒಟ್ಟಿಗೇ ಹಲಗೆಯಂತೆ ಬಿಗಿದು ಒಟ್ಟಿಗೇ ಸಡಿಲವಾಗುವುದು ಬೇರೆ ಮಾತು. ಅದು ವಾರದಿಂದ ವಾರಕ್ಕೆ ಹಾಗೆಯೇ ಉಳಿದರೆ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಭಯ ನಿಜವಾದದ್ದೇ.

ಹನ್ನೆರಡನೇ ವಾರದಲ್ಲಿ ಫಿಜೆಟಿ ಕಾಣದಿದ್ದರೆ ಎರಡು ವಾರ ಬಿಟ್ಟು ಮತ್ತೆ ವಿಡಿಯೋ ಮಾಡುತ್ತೇನೆ. ಆಗಲೂ ಇಲ್ಲದಿದ್ದರೆ ಎಂಆರ್‌ಐ ಮತ್ತು ನರಪರೀಕ್ಷೆಯ ಜೊತೆಗಿಟ್ಟು ಡಾಕ್ಟರ್ ತೀರ್ಮಾನಿಸುತ್ತಾರೆ. ಥೆರಪಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.