ಕಡ್ಡಾಯ ಓವರ್‌ಟೈಮ್: ಆದೇಶ ಹೊರಡಿಸುವ ಮುನ್ನ ಪರಿಶೀಲಿಸಬೇಕಾದದ್ದೇನು?

ಸರಕು ಕಳಿಸುವ ಗಡುವು ಹತ್ತಿರವಾದಾಗ, ಒಂದೇ ಪಾಳಿಯ ಹಲವರು ಒಟ್ಟಿಗೆ ರಜೆ ಹಾಕಿದಾಗ ಅಥವಾ ಯಂತ್ರ ಕೆಟ್ಟು ಕೆಲಸ ಹಿಂದೆ ಬಿದ್ದಾಗ, ‘ಇಂದು ಎಲ್ಲರೂ ಎರಡು ಗಂಟೆ ಹೆಚ್ಚು ನಿಲ್ಲತಕ್ಕದ್ದು’ ಎಂಬ ಸೂಚನೆ ಹೊರಡುತ್ತದೆ. ಹೆಚ್ಚುವರಿ ವೇತನ ಕೊಡುತ್ತೇವಲ್ಲ, ಮತ್ತೇನು ತಕರಾರು ಎಂಬುದು ಆಡಳಿತದ ಸಾಮಾನ್ಯ ವಾದ. ಆದರೆ ಕಡ್ಡಾಯ ಓವರ್‌ಟೈಮ್ ವಿಷಯದಲ್ಲಿ ವೇತನ ಕೊನೆಗೆ ಬರುವ ಪ್ರಶ್ನೆ. ನಿಲ್ಲಿಸಿಕೊಳ್ಳುವ ಅಧಿಕಾರ ಇದೆಯೇ, ಎಷ್ಟು ಹೊತ್ತು ನಿಲ್ಲಿಸಿಕೊಳ್ಳಬಹುದು, ಯಾರನ್ನು ನಿಲ್ಲಿಸಿಕೊಳ್ಳುವಂತಿಲ್ಲ ಎಂಬ ಪ್ರಶ್ನೆಗಳು ಅದಕ್ಕಿಂತ ಮೊದಲಿನವು, ಮತ್ತು ಇವುಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ದುಪ್ಪಟ್ಟು ವೇತನ ಕೊಟ್ಟ ಮಾತ್ರಕ್ಕೆ ಆದೇಶ ಸಿಂಧುವಾಗುವುದಿಲ್ಲ. ಈ ಲೇಖನ ಸಿಬ್ಬಂದಿ ವಿಭಾಗದವರನ್ನೂ ಪಾಳಿ ಹಾಕುವ ಮೇಲ್ವಿಚಾರಕರನ್ನೂ ಉದ್ದೇಶಿಸಿ ಬರೆದದ್ದು. ಆದೇಶ ಪಡೆಯುವ ಕಡೆ ಇರುವವರೂ ಇದೇ ಕ್ರಮದಲ್ಲಿ ಪ್ರಶ್ನೆ ಕೇಳಬಹುದು.

ಮೊದಲ ಹಂತ: ಅಧಿಕಾರದ ಮೂಲವನ್ನು ಗುರುತಿಸಿ

ಒಂದು ದೇಶದಲ್ಲಿ ನಿರಾತಂಕವಾಗಿ ನಡೆಯುವ ಆದೇಶ ಇನ್ನೊಂದು ದೇಶದಲ್ಲಿ ಕಾನೂನುಬಾಹಿರವಾಗಬಹುದು. ಅಮೆರಿಕದ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್, 16 ವರ್ಷ ತುಂಬಿದ ಉದ್ಯೋಗಿ ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು ಎಂಬುದಕ್ಕೆ ಮಿತಿಯನ್ನೇ ಹಾಕಿಲ್ಲ. 40 ಗಂಟೆ ಮೀರಿದರೆ ಒಂದೂವರೆ ಪಟ್ಟು ವೇತನ ಕೊಡಬೇಕು ಎಂಬಷ್ಟಕ್ಕೇ ಅದು ನಿಲ್ಲುತ್ತದೆ. ಆದ್ದರಿಂದ ಅಲ್ಲಿ ರಾಜ್ಯದ ಕಾನೂನಾಗಲಿ ಒಪ್ಪಂದವಾಗಲಿ ಅಡ್ಡಬಾರದಿದ್ದರೆ, ಓವರ್‌ಟೈಮ್ ನಿರಾಕರಿಸಿದವರನ್ನು ಕೆಲಸದಿಂದ ತೆಗೆಯುವುದಕ್ಕೂ ಆ ಕಾಯ್ದೆಯ ತಡೆಯಿಲ್ಲ. ಭಾರತದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇದಕ್ಕೆ ತೀರಾ ವಿರುದ್ಧ ದಿಕ್ಕಿನಲ್ಲಿದೆ. ಅದರ 27ನೇ ಕಲಂ ಪ್ರಕಾರ ಓವರ್‌ಟೈಮ್‌ಗೆ ಎರಡು ಪಟ್ಟು ವೇತನ ಕೊಡಬೇಕಾದದ್ದಲ್ಲದೆ, ಕಾರ್ಮಿಕನ ಒಪ್ಪಿಗೆ ಇದ್ದರೆ ಮಾತ್ರ ಆತನಿಂದ ಹೆಚ್ಚುವರಿ ಕೆಲಸ ಮಾಡಿಸಬಹುದು. ‘ಕಡ್ಡಾಯ’ ಎಂಬ ವಿಶೇಷಣಕ್ಕೆ ಅಲ್ಲಿ ಉಳಿಯುವ ಜಾಗ ಬಹಳ ಕಿರಿದು.

ಇವೆರಡರ ನಡುವೆ ಬೇರೆ ಮಾದರಿಗಳೂ ಇವೆ. ಜಪಾನಿನಲ್ಲಿ ಕಾರ್ಮಿಕ ಮಾನದಂಡ ಕಾಯ್ದೆಯ 36ನೇ ಕಲಂ ಪ್ರಕಾರ, ಬಹುಮತದ ಸಂಘದೊಂದಿಗೆ ಅಥವಾ ಸಂಘವಿಲ್ಲದಿದ್ದರೆ ಬಹುಮತದ ಪ್ರತಿನಿಧಿಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಅದನ್ನು ಕಾರ್ಮಿಕ ಕಚೇರಿಗೆ ಸಲ್ಲಿಸಿದ ಮೇಲಷ್ಟೇ ಓವರ್‌ಟೈಮ್ ಮಾಡಿಸಬಹುದು. ಆಸ್ಟ್ರೇಲಿಯದ 2009ರ ಫೇರ್ ವರ್ಕ್ ಆ್ಯಕ್ಟ್ ವಾರಕ್ಕೆ 38 ಗಂಟೆ ನಿಗದಿಮಾಡಿ, ಅದರ ಮೇಲೆ ‘ನ್ಯಾಯಸಮ್ಮತ’ ಹೆಚ್ಚುವರಿ ಗಂಟೆಗಳನ್ನಷ್ಟೇ ಕೇಳಲು ಅವಕಾಶ ಕೊಡುತ್ತದೆ. ಉದ್ಯೋಗಿಯ ಆರೋಗ್ಯ, ಕುಟುಂಬದ ಹೊಣೆ, ಮುಂಚಿತವಾಗಿ ಸಿಕ್ಕ ಸೂಚನೆ, ಸಂಸ್ಥೆಯ ಅಗತ್ಯ ಇವೆಲ್ಲವನ್ನೂ ತೂಗಿ ನ್ಯಾಯಸಮ್ಮತವೋ ಅಲ್ಲವೋ ಎಂದು ನಿರ್ಧರಿಸಬೇಕು. ಜರ್ಮನಿಯಲ್ಲಿ ಕಾರ್ಮಿಕ ಮಂಡಳಿ (ಸಂಸ್ಥೆಯ ಉದ್ಯೋಗಿಗಳೇ ಆರಿಸಿದ ಪ್ರತಿನಿಧಿಗಳ ಮಂಡಳಿ) ಇರುವ ಸಂಸ್ಥೆಗಳು ತಾತ್ಕಾಲಿಕವಾಗಿ ಕೆಲಸದ ಅವಧಿ ಹೆಚ್ಚಿಸಲೂ ಮಂಡಳಿಯ ಸಮ್ಮತಿ ಪಡೆಯಬೇಕು.

ಕಾನೂನು ಅವಕಾಶ ಕೊಟ್ಟಿದೆ ಎಂದ ಮಾತ್ರಕ್ಕೆ ಹುಡುಕಾಟ ಮುಗಿಯಲಿಲ್ಲ. ನೇಮಕಾತಿ ಪತ್ರ, ಸ್ಥಾಯಿ ಆದೇಶ (ಸಂಸ್ಥೆಯ ಲಿಖಿತ ಸೇವಾ ನಿಯಮಗಳು) ಮತ್ತು ಸಂಘದೊಂದಿಗಿನ ಒಪ್ಪಂದಗಳನ್ನು ತೆರೆದು ಓದಬೇಕು. ಬ್ರಿಟನ್ನಿನಲ್ಲಿ ಉದ್ಯೋಗ ಒಪ್ಪಂದದಲ್ಲಿ ಬರೆದಿದ್ದರಷ್ಟೇ ಓವರ್‌ಟೈಮ್ ಕಡ್ಡಾಯವಾಗುತ್ತದೆ. ‘ಆಡಳಿತ ಸೂಚಿಸುವ ಇತರ ಎಲ್ಲ ಕೆಲಸಗಳನ್ನೂ ಮಾಡತಕ್ಕದ್ದು’ ಎಂಬ ಒಂದು ಸಾಲನ್ನು ನಂಬಿಕೊಂಡು ಜನರನ್ನು ರಾತ್ರಿಯವರೆಗೆ ಕೂರಿಸುವುದು ಜಾಣತನವಲ್ಲ. ಆ ಸಾಲು ಕೆಲಸದ ಸ್ವರೂಪದ ಬಗ್ಗೆ ಹೇಳುತ್ತದೆ, ಅವಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಓವರ್‌ಟೈಮ್ ನಿಜವಾಗಿಯೂ ಬೇಕಾಗುವ ಉದ್ಯಮವಾದರೆ, ಯಾವ ಸಂದರ್ಭದಲ್ಲಿ, ವಾರಕ್ಕೆ ಗರಿಷ್ಠ ಎಷ್ಟು, ಎಷ್ಟು ಮುಂಚೆ ತಿಳಿಸಿ ಎಂಬುದನ್ನು ನೇಮಕದ ಹೊತ್ತಿನಲ್ಲೇ ಪತ್ರದಲ್ಲಿ ಕಾಣಿಸುವುದು ಇಬ್ಬರಿಗೂ ಕ್ಷೇಮ.

ಎರಡನೇ ಹಂತ: ಮಿತಿ ಮತ್ತು ವಿಶ್ರಾಂತಿಯ ಲೆಕ್ಕ

ದಿನಕ್ಕೆ 8, ವಾರಕ್ಕೆ 48 ಗಂಟೆ ಎಂಬ ಅಳತೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರ ತನ್ನ ಮೊದಲ ಒಡಂಬಡಿಕೆಯಲ್ಲೇ ಕೈಗಾರಿಕೆಗಳಿಗೆ ನಿಗದಿಮಾಡಿತು. ಅಪಘಾತ, ಯಂತ್ರದ ತುರ್ತು ದುರಸ್ತಿ, ಪ್ರಕೃತಿ ವಿಕೋಪ ಇಂಥ ಸಂದರ್ಭಗಳಿಗೆ ಅದು ವಿನಾಯಿತಿ ಕೊಟ್ಟಿತಾದರೂ, ಸಂಸ್ಥೆಯ ದೈನಂದಿನ ಕೆಲಸಕ್ಕೆ ಗಂಭೀರ ಅಡ್ಡಿಯಾಗದಂತೆ ತಡೆಯಲು ಬೇಕಾದಷ್ಟು ಮಟ್ಟಿಗೆ ಮಾತ್ರ ಎಂಬ ಷರತ್ತನ್ನೂ ಸೇರಿಸಿತು. ಕೆಲಸದ ಅಸಾಮಾನ್ಯ ಒತ್ತಡಕ್ಕಾಗಿ ನೀಡುವ ತಾತ್ಕಾಲಿಕ ವಿನಾಯಿತಿಗೆ ಸರ್ಕಾರಗಳು ಗಂಟೆಗಳ ಗರಿಷ್ಠ ಮಿತಿಯನ್ನು ನಿಗದಿಮಾಡಬೇಕು, ವೇತನ ಕನಿಷ್ಠ ಒಂದೂಕಾಲು ಪಟ್ಟು ಇರಬೇಕು ಎಂದಿತು. ಅಸಾಮಾನ್ಯ ಒತ್ತಡವೇ ವರ್ಷವಿಡೀ ಇದ್ದರೆ ಅದು ಅಸಾಮಾನ್ಯವಾಗಿ ಉಳಿಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ಮಿತಿಗಳು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2019ರಿಂದ ಜಾರಿಗೆ ಬಂದ ತಿದ್ದುಪಡಿ ಓವರ್‌ಟೈಮನ್ನು ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಗೆ ಕಟ್ಟಿಹಾಕಿದೆ. ವಿಶೇಷ ಸಂದರ್ಭದಲ್ಲೂ ವರ್ಷಕ್ಕೆ 720 ಗಂಟೆ ದಾಟುವಂತಿಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸತತ ಎರಡು ವಾರಗಳಲ್ಲಿ 80 ಗಂಟೆಗಿಂತ ಹೆಚ್ಚು ಓವರ್‌ಟೈಮನ್ನು ಕಡ್ಡಾಯ ಮಾಡುವಂತಿಲ್ಲ. ಐರೋಪ್ಯ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದಂತೆ ಓವರ್‌ಟೈಮ್ ಸೇರಿಯೇ ವಾರದ ಸರಾಸರಿ 48 ಗಂಟೆ ಮೀರಬಾರದು. ಈ ಸರಾಸರಿಯನ್ನು ಸಾಮಾನ್ಯವಾಗಿ ನಾಲ್ಕು ತಿಂಗಳವರೆಗಿನ ಅವಧಿಗೆ ಲೆಕ್ಕಹಾಕುತ್ತಾರೆ.

ವಾರದ ಮಿತಿಯನ್ನು ನೋಡುವವರು ಎರಡು ಪಾಳಿಗಳ ನಡುವಿನ ಬಿಡುವನ್ನು ಮರೆಯುವುದೇ ಹೆಚ್ಚು. ಐರೋಪ್ಯ ನಿರ್ದೇಶನ ಪ್ರತಿ 24 ಗಂಟೆಗಳಲ್ಲಿ ಸತತ 11 ಗಂಟೆಗಳ ವಿಶ್ರಾಂತಿ ಕೇಳುತ್ತದೆ. ರಾತ್ರಿ 9ಕ್ಕೆ ಮುಗಿಯಬೇಕಿದ್ದ ಪಾಳಿಯನ್ನು 11ರವರೆಗೆ ಎಳೆದರೆ, ಅದೇ ವ್ಯಕ್ತಿಯನ್ನು ಮರುದಿನ ಬೆಳಿಗ್ಗೆ 10ಕ್ಕಿಂತ ಮೊದಲು ಕರೆಯುವಂತಿಲ್ಲ. ಬೆಳಿಗ್ಗೆ 8ರ ಪಾಳಿಗೆ ಆತನ ಹೆಸರು ಮೊದಲೇ ಇದ್ದರೆ, ಓವರ್‌ಟೈಮ್ ಆದೇಶ ಬರೆಯುವ ಕೈಯೇ ಮರುದಿನದ ಪಾಳಿಪಟ್ಟಿಯನ್ನೂ ತಿದ್ದಬೇಕು. ಇಂಥ ನಿಯಮ ಇಲ್ಲದ ದೇಶದಲ್ಲೂ ಈ ಲೆಕ್ಕ ಹಾಕುವುದು ಒಳ್ಳೆಯದು. ವಾಹನ ಓಡಿಸುವ, ಯಂತ್ರದ ಮುಂದೆ ನಿಲ್ಲುವ, ಔಷಧ ಕೊಡುವ ಕೆಲಸಗಳಲ್ಲಂತೂ ನಿದ್ದೆಗೆಟ್ಟವರ ತಪ್ಪಿಗೆ ಬೆಲೆ ತೆರುವವರು ಬೇರೆಯವರೂ ಆಗಿರುತ್ತಾರೆ.

ಮೂರನೇ ಹಂತ: ಯಾರನ್ನು ಬಿಡಬೇಕು

ಹದಿನೆಂಟು ತುಂಬದವರು, ಗರ್ಭಿಣಿಯರು, ವೈದ್ಯರು ಸೀಮಿತ ಅವಧಿಯ ಕೆಲಸ ಸೂಚಿಸಿದವರು ಮತ್ತು ಅಂಗವೈಕಲ್ಯದ ಕಾರಣಕ್ಕೆ ಹೊಂದಾಣಿಕೆ ಪಡೆದವರಿಗೆ ಅನೇಕ ದೇಶಗಳ ಕಾನೂನು ಪ್ರತ್ಯೇಕ ರಕ್ಷಣೆ ಕೊಡುತ್ತದೆ. ಕೆಲವು ವೃತ್ತಿಗಳಿಗೂ ರಕ್ಷಣೆ ಇದೆ: ನ್ಯೂಯಾರ್ಕ್ ಸೇರಿದಂತೆ ಅಮೆರಿಕದ ಹಲವು ರಾಜ್ಯಗಳು, ತುರ್ತು ಸ್ಥಿತಿಯ ಹೊರತು ದಾದಿಯರ ಮೇಲೆ ಕಡ್ಡಾಯ ಓವರ್‌ಟೈಮ್ ಹೇರುವುದನ್ನು ನಿರ್ಬಂಧಿಸಿವೆ. ಆದೇಶದ ದಿನ ಒಬ್ಬೊಬ್ಬರನ್ನೂ ಕರೆದು ಕಾರಣ ಕೇಳುತ್ತ ಕೂರುವ ಬದಲು ವಿನಾಯಿತಿಯ ಪಟ್ಟಿಯನ್ನು ಸಿಬ್ಬಂದಿ ವಿಭಾಗ ಮೊದಲೇ ಸಿದ್ಧವಾಗಿಟ್ಟಿರಬೇಕು. ಮೇಲ್ವಿಚಾರಕರಿಗೆ ಹೆಸರುಗಳು ಸಾಕು, ಆರೋಗ್ಯದ ವಿವರ ಅವರ ಕೈಗೆ ಹೋಗಬೇಕಾಗಿಲ್ಲ.

ನಾಲ್ಕನೇ ಹಂತ: ಆಯ್ಕೆ ಮತ್ತು ಲಿಖಿತ ಆದೇಶ

ಮೊದಲು ಸ್ವಇಚ್ಛೆಯಿಂದ ಮುಂದೆ ಬರುವವರನ್ನು ಕೇಳಿ. ಸಂಖ್ಯೆ ಸಾಲದಿದ್ದರೆ ಮಾತ್ರ ಸರದಿ ಪಟ್ಟಿಗೆ ಕೈಹಾಕಿ, ಕಳೆದ ಬಾರಿ ನಿಂತವರ ಹೆಸರು ಈ ಬಾರಿ ಕೊನೆಗೆ ಬರುವಂತೆ ನೋಡಿಕೊಳ್ಳಿ. ಮೇಲ್ವಿಚಾರಕರ ಮರ್ಜಿಯಂತೆ ನಡೆಯುವ ಆಯ್ಕೆಯಲ್ಲಿ ಮಾತಾಡದವರೇ ಪ್ರತಿ ಬಾರಿ ಸಿಕ್ಕಿಬೀಳುತ್ತಾರೆ, ಮತ್ತು ಆ ಮಾತಾಡದವರು ಒಂದೇ ಲಿಂಗ, ವಯಸ್ಸು ಅಥವಾ ಸಮುದಾಯದವರಾಗಿದ್ದರೆ ತಾರತಮ್ಯದ ದೂರಿಗೂ ದಾರಿಯಾಗುತ್ತದೆ.

ಆದೇಶ ಲಿಖಿತವಾಗಿರಲಿ. ಕಾರಣ, ದಿನಾಂಕ, ಆರಂಭ ಮತ್ತು ಮುಕ್ತಾಯದ ವೇಳೆ, ಹೆಸರುಗಳು, ವೇತನದ ದರ ಮತ್ತು ಮಂಜೂರು ಮಾಡಿದವರ ಸಹಿ ಅದರಲ್ಲಿರಬೇಕು. ‘ಮುಂದಿನ ಸೂಚನೆಯವರೆಗೆ’ ಎಂಬ ಪದಗಳನ್ನು ಮಾತ್ರ ಬಳಸಬೇಡಿ. ಕೊನೆಯ ದಿನಾಂಕವಿಲ್ಲದ ಓವರ್‌ಟೈಮ್ ಆದೇಶವೆಂದರೆ ಪಾಳಿಯ ಅವಧಿಯನ್ನೇ ಬದಲಾಯಿಸಿದಂತೆ, ಮತ್ತು ಅದಕ್ಕೆ ಬೇರೆಯೇ ಕಾನೂನು ಕ್ರಮವಿದೆ.

ಐದನೇ ಹಂತ: ವೇತನ

ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ಎಂಬುದು ಎಲ್ಲರಿಗೂ ಗೊತ್ತು. ಯಾವುದರ ಪಟ್ಟು ಎಂಬಲ್ಲಿ ತಪ್ಪಾಗುತ್ತದೆ. ಅಮೆರಿಕದ ಕಾನೂನಿನಲ್ಲಿ ಗಂಟೆಯ ದರವೆಂದರೆ ಮೂಲ ವೇತನವಷ್ಟೇ ಅಲ್ಲ, ಉತ್ಪಾದನೆಗೆ ತಕ್ಕಂತೆ ಕೊಡುವುದಾಗಿ ಮೊದಲೇ ಭರವಸೆಯಿತ್ತ ಬೋನಸ್ ಕೂಡ ಅದರಲ್ಲಿ ಸೇರಬೇಕು. ಗಂಟೆಗೆ 20 ಡಾಲರ್ ಪಡೆಯುವ ಒಬ್ಬರು ಒಂದು ವಾರ 46 ಗಂಟೆ ದುಡಿದು 92 ಡಾಲರ್ ಉತ್ಪಾದನಾ ಬೋನಸ್ ಗಳಿಸಿದರು ಎಂದುಕೊಳ್ಳೋಣ. 46 ಗಂಟೆಗೆ 920, ಬೋನಸ್ 92, ಒಟ್ಟು 1,012 ಡಾಲರ್. ಇದನ್ನು 46ರಿಂದ ಭಾಗಿಸಿದರೆ ಗಂಟೆಯ ದರ 22 ಆಯಿತು. ಓವರ್‌ಟೈಮಿನ 6 ಗಂಟೆಗೆ ಒಂದು ಪಟ್ಟು ಈಗಾಗಲೇ ಮೊತ್ತದಲ್ಲಿ ಸೇರಿರುವುದರಿಂದ, ಇನ್ನು ಅರ್ಧ ಪಟ್ಟು, ಅಂದರೆ ಗಂಟೆಗೆ 11ರಂತೆ 66 ಡಾಲರ್ ಕೂಡಿಸಬೇಕು. ಕೈಗೆ ಸಿಗಬೇಕಾದದ್ದು 1,078 ಡಾಲರ್. ಬೋನಸ್ಸನ್ನು ದರದಿಂದ ಹೊರಗಿಟ್ಟು ಲೆಕ್ಕಹಾಕಿದವರು 1,072 ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಒಬ್ಬರ ಒಂದು ವಾರದ ವ್ಯತ್ಯಾಸ ಆರೇ ಡಾಲರ್ ಆದರೂ, ನೂರಾರು ಉದ್ಯೋಗಿಗಳ ಹಲವು ವರ್ಷಗಳ ಬಾಕಿಯಾಗಿ ಅದು ನ್ಯಾಯಾಲಯದ ಮುಂದೆ ಬಂದಾಗ ಮೊತ್ತ ಸಣ್ಣದಾಗಿರುವುದಿಲ್ಲ.

ವಾರದ ಲೆಕ್ಕವೋ ದಿನದ ಲೆಕ್ಕವೋ ಎಂಬುದೂ ಅಷ್ಟೇ ಮುಖ್ಯ. ಅಮೆರಿಕದ ಕೇಂದ್ರ ಕಾನೂನು ಪ್ರತಿ ವಾರವನ್ನೂ ಪ್ರತ್ಯೇಕವಾಗಿ ನೋಡುತ್ತದೆ: ಒಂದು ವಾರ 50, ಮರುವಾರ 30 ಗಂಟೆ ದುಡಿಸಿ, ಸರಾಸರಿ 40 ಆಯಿತಲ್ಲ ಎನ್ನುವಂತಿಲ್ಲ. ಭಾರತದ ಸಂಹಿತೆ ದಿನ ಮತ್ತು ವಾರ ಎರಡನ್ನೂ ಲೆಕ್ಕಹಾಕಿ ಕಾರ್ಮಿಕನಿಗೆ ಹೆಚ್ಚು ಅನುಕೂಲವಾದುದನ್ನು ಹಿಡಿಯಬೇಕೆನ್ನುತ್ತದೆ. ದಿನದ ಮಿತಿ 8, ವಾರದ ಮಿತಿ 48 ಗಂಟೆ ಇರುವೆಡೆ ಒಬ್ಬರು ನಾಲ್ಕು ದಿನ ಹತ್ತು ಹತ್ತು ಗಂಟೆ ದುಡಿದರೆ ವಾರದ ಲೆಕ್ಕದಲ್ಲಿ ಓವರ್‌ಟೈಮ್ ಸೊನ್ನೆ, ದಿನದ ಲೆಕ್ಕದಲ್ಲಿ 8 ಗಂಟೆ. ಕೊಡಬೇಕಾದದ್ದು ಎಂಟು ಗಂಟೆಗಳದ್ದು.

ಹುದ್ದೆಯ ಹೆಸರನ್ನು ‘ಮ್ಯಾನೇಜರ್’ ಎಂದು ಬದಲಿಸಿ ಓವರ್‌ಟೈಮ್ ವೇತನ ತಪ್ಪಿಸುವ ಉಪಾಯ ಹಳೆಯದು. ಅಮೆರಿಕದ ಕಾನೂನಿನಲ್ಲಾಗಲಿ ಭಾರತದಲ್ಲಾಗಲಿ ಪರಿಗಣನೆಗೆ ಬರುವುದು ಆ ವ್ಯಕ್ತಿ ನಿಜವಾಗಿ ಮಾಡುವ ಕೆಲಸವೇ ಹೊರತು ಬಾಗಿಲ ಮೇಲಿನ ಫಲಕವಲ್ಲ.

ಆರನೇ ಹಂತ: ಒಬ್ಬರು ‘ಆಗುವುದಿಲ್ಲ’ ಎಂದಾಗ

ಆದೇಶ ಹೊರಡಿಸುವವರ ತಾಳ್ಮೆ ಪರೀಕ್ಷೆಗೊಳಗಾಗುವುದು ಇಲ್ಲಿ. ಮೊದಲು ಕಾರಣವನ್ನು ಕೇಳಿ ಬರೆದುಕೊಳ್ಳಬೇಕು. ಒಪ್ಪಿಗೆಯನ್ನು ಕಾನೂನೇ ಕೇಳುವ ದೇಶದಲ್ಲಿ ನಿರಾಕರಣೆ ದುರ್ನಡತೆಯಾಗದು, ಶಿಸ್ತುಕ್ರಮದ ನೋಟಿಸು ಕೊಡುವಂತಿಲ್ಲ. ನೇಮಕದ ದಿನವೇ ‘ಯಾವಾಗ ಕರೆದರೂ ಓವರ್‌ಟೈಮ್‌ಗೆ ಒಪ್ಪಿದ್ದೇನೆ’ ಎಂದು ಸಹಿ ಪಡೆದಿಟ್ಟುಕೊಂಡರೆ ಒಪ್ಪಿಗೆಯ ಉದ್ದೇಶವೇ ಸೋಲುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಐರೋಪ್ಯ ನಿರ್ದೇಶನದಲ್ಲಿ 48 ಗಂಟೆ ಮೀರಲು ವೈಯಕ್ತಿಕ ಒಪ್ಪಿಗೆಗೆ ಅವಕಾಶವಿರುವ ದೇಶಗಳಲ್ಲಿ, ಒಪ್ಪದಿದ್ದವರಿಗೆ ಯಾವ ತೊಂದರೆಯೂ ಆಗಕೂಡದು ಎಂದು ನಿರ್ದೇಶನವೇ ಹೇಳಿದೆ.

ನಿರಾಕರಣೆಗೆ ಶಿಕ್ಷೆ ಕೊಡಲು ಕಾನೂನು ಬಿಡುವಲ್ಲೂ, ಆದೇಶ ಸ್ವತಃ ಕಾನೂನಿನ ಮಿತಿಯೊಳಗೆ ಇರಬೇಕು. 1930ರ ಬಲವಂತದ ದುಡಿಮೆ ಕುರಿತ ಒಡಂಬಡಿಕೆಯನ್ನು ವ್ಯಾಖ್ಯಾನಿಸುತ್ತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರ ಸಮಿತಿ ಹೇಳಿರುವುದು ಇದನ್ನೇ: ರಾಷ್ಟ್ರೀಯ ಕಾನೂನು ಅಥವಾ ಸಾಮೂಹಿಕ ಒಪ್ಪಂದದ ಮಿತಿಯೊಳಗಿನ ಓವರ್‌ಟೈಮ್ ಬಲವಂತದ ದುಡಿಮೆಯಾಗದು, ಆದರೆ ಆ ಮಿತಿಯನ್ನು ಮೀರಿ, ಕೆಲಸ ಹೋಗುತ್ತದೆ ಎಂಬಂಥ ಬೆದರಿಕೆಯಡಿ ಮಾಡಿಸಿದ ಓವರ್‌ಟೈಮ್ ಆ ಒಡಂಬಡಿಕೆಯ ವ್ಯಾಪ್ತಿಗೆ ಬರಬಹುದು. ಬಾಗಿಲಿಗೆ ಬೀಗ ಹಾಕುವುದು, ಗುರುತಿನ ಚೀಟಿ ಇಟ್ಟುಕೊಳ್ಳುವುದು, ಮನೆಗೆ ಬಿಡುವ ವಾಹನವನ್ನು ತಡೆಹಿಡಿಯುವುದು ಯಾವ ಕಾರಣಕ್ಕೂ ಕೂಡದು.

ಏಳನೇ ಹಂತ: ದಾಖಲೆ

ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಮೇ ತಿಂಗಳ ತೀರ್ಪಿನಲ್ಲಿ, ಪ್ರತಿ ಉದ್ಯೋಗಿಯ ದಿನದ ಕೆಲಸದ ಅವಧಿಯನ್ನು ಅಳೆಯುವ ವಸ್ತುನಿಷ್ಠ ಮತ್ತು ವಿಶ್ವಾಸಾರ್ಹ ವ್ಯವಸ್ಥೆಯನ್ನು ಉದ್ಯೋಗದಾತರು ಹೊಂದಿರುವಂತೆ ಸದಸ್ಯ ದೇಶಗಳು ಕಡ್ಡಾಯಪಡಿಸಬೇಕು ಎಂದಿತು. ಅಮೆರಿಕದಲ್ಲಿ ವೇತನ ದಾಖಲೆಗಳನ್ನು 3 ವರ್ಷ, ಹಾಜರಿ ಚೀಟಿಗಳನ್ನು 2 ವರ್ಷ ಕಾಯ್ದಿಡಬೇಕು. ಮಂಜೂರಾತಿ ಇಲ್ಲದೆ ಉಳಿದು ಮಾಡಿದ ಕೆಲಸವನ್ನೂ ಬರೆದಿಡಬೇಕು, ಏಕೆಂದರೆ ಕೆಲಸ ನಡೆಯುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದರೆ ಅಲ್ಲಿ ಅದಕ್ಕೂ ವೇತನ ಕೊಡಬೇಕು. ಬೇಡವಾದರೆ ತಡೆಯುವ ಹೊಣೆ ಆಡಳಿತದ್ದು.

ತಿಂಗಳ ಕೊನೆಗೆ ಈ ದಾಖಲೆಯನ್ನು ವಿಭಾಗವಾರು ಕೂಡಿಸಿ ನೋಡಿ. ಹತ್ತು ಮಂದಿಯ ಒಂದು ವಿಭಾಗ ವಾರ ವಾರವೂ ತಲಾ 8 ಗಂಟೆ ಹೆಚ್ಚು ದುಡಿಯುತ್ತಿದ್ದರೆ, ಅಲ್ಲಿ ವಾರಕ್ಕೆ 80 ಗಂಟೆಗಳ, ಅಂದರೆ 40 ಗಂಟೆಯ ವಾರದಲ್ಲಿ ಇಬ್ಬರು ಪೂರ್ಣಾವಧಿ ನೌಕರರ ಕೊರತೆಯಿದೆ. ಮುಂದಿನ ಓವರ್‌ಟೈಮ್ ಆದೇಶಕ್ಕೆ ಸಹಿ ಕೇಳಿ ಬಂದ ಕಡತದೊಂದಿಗೆ ಆ ಇಬ್ಬರ ನೇಮಕಾತಿಯ ಪ್ರಸ್ತಾವವನ್ನೂ ಲಗತ್ತಿಸುವಂತೆ ಹೇಳಿ ಹಿಂದಕ್ಕೆ ಕಳಿಸಬೇಕು.