ಪ್ರತಿದೀಪ್ತಿಯಿಂದ ಇಂಧನ ತುಂತುರಿನ ಹನಿಗಳನ್ನು ಅಳೆಯುವ ಬಗೆ

ಇಂಧನದ ತುಂತುರಿನ ಮೂಲಕ ಲೇಸರ್ ಬೆಳಕನ್ನು ತೆಳುವಾದ ಹಾಳೆಯಂತೆ ಹಾಯಿಸಿದಾಗ ಪ್ರತಿ ಹನಿಯಿಂದಲೂ ಎರಡು ಬಗೆಯ ಬೆಳಕು ಹೊರಡುತ್ತದೆ. ಹನಿಯಿಂದ ಅದೇ ಬಣ್ಣದಲ್ಲಿ ಚದುರುವ ಬೆಳಕು ಸುಮಾರಾಗಿ ವ್ಯಾಸದ ವರ್ಗವನ್ನೂ, ಇಂಧನಕ್ಕೆ ಬೆರೆಸಿ ಕರಗಿಸಿದ ಡೈ (ಬಣ್ಣದ ವಸ್ತು) ಲೇಸರ್ ಬೆಳಕನ್ನು ಹೀರಿ ಹೆಚ್ಚಿನ ತರಂಗದೂರದಲ್ಲಿ ಹೊರಸೂಸುವ ಪ್ರತಿದೀಪ್ತಿ ವ್ಯಾಸದ ಘನವನ್ನೂ ಅನುಸರಿಸುತ್ತವೆ. ಆದ್ದರಿಂದ ಪ್ರತಿದೀಪ್ತಿಯನ್ನು ಚದುರಿದ ಬೆಳಕಿನಿಂದ ಭಾಗಿಸಿದರೆ ಸೌಟರ್ ಸರಾಸರಿ ವ್ಯಾಸದ, ಅಂದರೆ ಹನಿಗಳ ವ್ಯಾಸದ ಘನಗಳ ಮೊತ್ತವನ್ನು ವರ್ಗಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಸರಾಸರಿಯ, ನಕ್ಷೆ ದೊರೆಯುತ್ತದೆ. ಲೇಸರ್ ಹಾಳೆಯ ಏರುಪೇರು ಎರಡು ಚಿತ್ರಗಳಲ್ಲೂ ಒಂದೇ ಆಗಿರುವುದರಿಂದ ಭಾಗಾಕಾರದಲ್ಲಿ ಅಳಿಸಿಹೋಗುವುದು ಈ ವಿಧಾನದ ದೊಡ್ಡ ಅನುಕೂಲ.

532 ನ್ಯಾನೊಮೀಟರಿನ ಲೇಸರಿಗೆ ಎಥನಾಲಿನಲ್ಲಿ ರೋಡಮಿನ್ 6ಜಿ ಎಂಬ ಡೈ ಚೆನ್ನಾಗಿ ಹೊಂದುತ್ತದೆ. ಪೆಟ್ರೋಲಿನಂಥ ಹೈಡ್ರೋಕಾರ್ಬನ್‌ಗಳಲ್ಲಿ ಅದು ಸರಿಯಾಗಿ ಕರಗದ ಕಾರಣ ಪಿರ್ರೋಮೆಥೀನ್ 597 ಎಂಬ ಡೈ ಬಳಸಬೇಕು.

ಹೆಚ್ಚಿನ ಪ್ರಯೋಗಗಳು ಕೆಡುವುದು ಡೈಯ ಪ್ರಮಾಣದಲ್ಲಿ. ಡೈ ಹೆಚ್ಚಾದರೆ ಹನಿಯ ಮುಂಭಾಗವೇ ಬೆಳಕನ್ನೆಲ್ಲ ಹೀರಿಕೊಳ್ಳುತ್ತದೆ, ಘನದ ನಿಯಮ ಮುರಿಯುತ್ತದೆ. ತುಂತುರನ್ನು ಮುಟ್ಟುವ ಮೊದಲು 10 ಮಿಲಿಮೀಟರಿನ ಗಾಜಿನ ಕ್ಯುವೆಟ್ಟಿನಲ್ಲಿ (ಚೌಕಾಕಾರದ ಪುಟ್ಟ ಪಾತ್ರೆಯಲ್ಲಿ) ದ್ರಾವಣವನ್ನಿಟ್ಟು, ಮಂದವಾದ ಲೇಸರ್ ಕಿರಣ ಮೂಡಿಸುವ ಹೊಳೆಯುವ ಗೆರೆಯನ್ನು ಪಕ್ಕದಿಂದ ನೋಡಿರಿ. ಗೆರೆ ಆಚೆ ತುದಿಯಲ್ಲಿ ಅರ್ಧಕ್ಕೆ ಇಳಿದಿದ್ದರೂ ಚಿಂತೆಯಿಲ್ಲ, ಏಕೆಂದರೆ ಅದೇ ದ್ರಾವಣದ 100 ಮೈಕ್ರೋಮೀಟರ್ ಹನಿ ಬೆಳಕಿನ ಶೇ 1ರಷ್ಟನ್ನೂ ಹೀರುವುದಿಲ್ಲ. ಗೆರೆ ಆರಂಭದಲ್ಲೇ ಆರಿಹೋದರೆ ದ್ರಾವಣವನ್ನು ತೆಳುಗೊಳಿಸಿರಿ. ಮುಂದೆ ತುಂತುರಿನಲ್ಲಿ ಲೇಸರಿನ ಶಕ್ತಿಯನ್ನು ಅರ್ಧಕ್ಕೆ ಇಳಿಸಿ ನೋಡಿರಿ. ಪ್ರತಿದೀಪ್ತಿ ಅರ್ಧಕ್ಕಿಂತಲೂ ಹೆಚ್ಚು ಕುಸಿದರೆ ಹನಿಗಳೇ ಪುಟ್ಟ ಲೇಸರ್‌ಗಳಂತೆ ವರ್ತಿಸುತ್ತಿವೆ ಎಂದರ್ಥ; ಶಕ್ತಿಯನ್ನು ಇನ್ನೂ ತಗ್ಗಿಸಲೇಬೇಕು.

ಒಂದು ಕ್ಯಾಮೆರಾಕ್ಕೆ 532ನ್ನಷ್ಟೇ ಬಿಡುವ ಫಿಲ್ಟರ್, ಇನ್ನೊಂದಕ್ಕೆ 550ಕ್ಕೂ ಮೇಲಿನದನ್ನು ಬಿಡುವ ಫಿಲ್ಟರ್ ಹಾಕಿ, ಎರಡರ ಚಿತ್ರಗಳನ್ನೂ ಪಿಕ್ಸೆಲ್ ಮಟ್ಟದಲ್ಲಿ ಹೊಂದಿಸಿರಿ. ಲೇಸರಿಗೆ ತಕ್ಕ ರಕ್ಷಣಾ ಕನ್ನಡಕವನ್ನೂ, ಇಂಧನದ ಆವಿಯನ್ನು ಹೊರಹಾಕುವ ಗಾಳಿಯ ವ್ಯವಸ್ಥೆಯನ್ನೂ ಮರೆಯಬಾರದು. ಮೊದಲು ಹಲವು ಚಿತ್ರಗಳ ಸರಾಸರಿಯನ್ನು ಬೇರೆಬೇರೆಯಾಗಿ ತೆಗೆದು, ಹಿನ್ನೆಲೆಯ ಬೆಳಕನ್ನು ಕಳೆದು, ಆಮೇಲೆ ಭಾಗಿಸಬೇಕು. ಒಂದೊಂದು ಚಿತ್ರವನ್ನು ಭಾಗಿಸಿ ಸರಾಸರಿ ತೆಗೆದರೆ ಹನಿ ವಿರಳವಾಗಿರುವ ಅಂಚುಗಳಲ್ಲಿ ಅರ್ಥವಿಲ್ಲದ ಅಂಕಿಗಳು ಮೂಡುತ್ತವೆ. ಸಿಕ್ಕ ಅನುಪಾತವನ್ನು ಮೈಕ್ರೋಮೀಟರಿಗೆ ತರಲು ತುಂತುರಿನ ಕೆಲವು ಬಿಂದುಗಳಲ್ಲಿ ಫೇಸ್ ಡಾಪ್ಲರ್ ಉಪಕರಣದಿಂದ (ಒಂದೊಂದು ಬಿಂದುವಿನಲ್ಲಿ ಹಾದುಹೋಗುವ ಹನಿಗಳನ್ನು ಲೇಸರಿನಿಂದ ಅಳೆಯುವ ಸಾಧನದಿಂದ) ಅಳೆದ ವ್ಯಾಸಗಳು ಬೇಕು.

ಇಂಧನ ಆವಿಯಾಗುತ್ತಿದ್ದಂತೆ ಡೈ ಹನಿಯಲ್ಲೇ ಉಳಿದು ದಟ್ಟವಾಗುವುದರಿಂದ ಬಿಸಿ ಕೋಣೆಯಲ್ಲಿ ಹನಿಗಳು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ನಳಿಕೆಯ ಬುಡದಲ್ಲಿ, ಬೆಳಕು ಹನಿಯಿಂದ ಹನಿಗೆ ಪುಟಿದು ಕ್ಯಾಮೆರಾ ಸೇರುವಷ್ಟು ಸಾಂದ್ರವಾದ ಭಾಗದಲ್ಲಿ, ನಕ್ಷೆ ಎಷ್ಟೇ ಸುಂದರವಾಗಿದ್ದರೂ ಅಲ್ಲಿನ ಅಂಕಿಗಳನ್ನು ನಾನು ವರದಿಗೆ ಸೇರಿಸುವುದಿಲ್ಲ.